ಗಜನಿಯ ಉಪ್ಪುನೀರು, ನೂರು ವಾಟ್, ಒಂಬೈನೂರು ಕ್ಯೂಎಸ್‌ಒ

2024ರ ನವೆಂಬರ್ 24, ಭಾನುವಾರ ರಾತ್ರಿ ಹನ್ನೊಂದರ ಸುಮಾರಿಗೆ ಹವ್ಯಾಸಿ ರೇಡಿಯೊದ 15 ಮೀಟರ್ ಬ್ಯಾಂಡ್ (21 ಮೆಗಾಹರ್ಟ್ಸ್ ಸುತ್ತಲಿನ ತರಂಗಪಟ್ಟಿ) ಪೂರ್ತಿ ಮಲಗಿತು. ಹೆಡ್‌ಫೋನ್ ತೆಗೆದಿಟ್ಟು ಲಾಗ್ ನೋಡಿದೆ. ಒಂಬೈನೂರರ ಮೇಲೆ ಒಂದಿಷ್ಟು ಕ್ಯೂಎಸ್‌ಒ (ಇನ್ನೊಂದು ನಿಲ್ದಾಣದೊಂದಿಗಿನ ಸಂಪರ್ಕ), ಸ್ಪರ್ಧೆಗೆಂದು ಜಗತ್ತನ್ನು ಹಂಚಿದ ವಲಯಗಳಲ್ಲಿ 33, ನೂರಾ ಐದೋ ಆರೋ ದೇಶ. ಸಿಕ್ಯೂ ವರ್ಲ್ಡ್‌ವೈಡ್ ಸಿಡಬ್ಲ್ಯೂ (ಮೋರ್ಸ್ ಸಂಕೇತದ) ಸ್ಪರ್ಧೆ, ಒಬ್ಬನೇ ಆಪರೇಟರ್, ಒಂದೇ ಬ್ಯಾಂಡ್, ಲೋ ಪವರ್. ಟವರ್ ಇಲ್ಲ, ಯಾಗಿ ಎಂಬ ದಿಕ್ಕಿನ ಆಂಟೆನಾ ಇಲ್ಲ, ಆಂಪ್ಲಿಫೈಯರ್ ಇಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಪಕ್ಕ, ನಮ್ಮ ಗಜನಿ ಗದ್ದೆಯಲ್ಲಿ ನೆಟ್ಟ ಎರಡು ಕೋಲು, ಅವುಗಳ ಕೆಳಗೆ ಮೊಣಕಾಲು ಮುಳುಗುವಷ್ಟು ಉಪ್ಪುನೀರು.

ಲೆಕ್ಕವನ್ನು ಮೊದಲೇ ಮುಂದಿಟ್ಟಿದ್ದೇನೆ, ಏಕೆಂದರೆ ಈ ಯೋಚನೆಯನ್ನು ಕೇಳಿ ತಲೆಯಾಡಿಸಿದವರು ಬಹಳ ಮಂದಿ. ಬೆಂಗಳೂರಿನ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೊದವರು) ಒಬ್ಬರು, ನನಗೆ ಸಿಡಬ್ಲ್ಯೂ ರುಚಿ ಹತ್ತಿಸಿದವರೇ, ಸ್ಪಷ್ಟವಾಗಿ ಹೇಳಿದ್ದರು: "ಓಎಂ, ವರ್ಟಿಕಲ್ ನಂಬಿಕೊಂಡು ಸ್ಪರ್ಧೆಗೆ ಇಳಿಯಬೇಡಿ. ಅರವತ್ತು ಅಡಿ ಟವರ್ ಹಾಕಿಸಿ, ಆಮೇಲೆ ಮಾತಾಡೋಣ." ಓಎಂ ಎಂದರೆ ಹ್ಯಾಮ್‌ಗಳು ಪರಸ್ಪರ ಕರೆದುಕೊಳ್ಳುವ ರೀತಿ; ವರ್ಟಿಕಲ್ ಎಂದರೆ ನೆಟ್ಟಗೆ ನಿಲ್ಲುವ ಆಂಟೆನಾ. ನಾನು ವಿಚಾರಿಸಿಯೂ ನೋಡಿದೆ. ಟವರಿಗೆ ಒಂದೂವರೆ ಲಕ್ಷದ ಮೇಲೆ, ಹೆಕ್ಸ್‌ಬೀಮ್ ಆಂಟೆನಾ, ಅದನ್ನು ತಿರುಗಿಸುವ ರೋಟೇಟರ್, ಕೇಬಲ್ ಸೇರಿದರೆ ಎರಡು ಮುಕ್ಕಾಲು ಲಕ್ಷ. ಕರಾವಳಿಯ ಮಳೆಗಾಳಿಗೆ, ಉಪ್ಪುಗಾಳಿಗೆ ಆ ಕಬ್ಬಿಣ ಎಷ್ಟು ವರ್ಷ ನಿಂತೀತು ಎಂಬ ಚಿಂತೆ ಬೇರೆ. ಅಷ್ಟು ಹಣ ನನ್ನಲ್ಲಿ ಇರಲಿಲ್ಲ. ಇದ್ದಿದ್ದರೂ ಮೊದಲು ಮನೆಯ ಮಾಡಿಗೆ ಹೋಗುತ್ತಿತ್ತು.

ಸೋಲುಗಳನ್ನು ಕ್ರಮವಾಗಿ ಹೇಳುತ್ತೇನೆ. 2021ರಲ್ಲಿ ಎರಡು ತೆಂಗಿನ ಮರಗಳ ನಡುವೆ ಇನ್ವರ್ಟೆಡ್ ವಿ (ತಲೆಕೆಳಗಾದ V ಆಕಾರದ ತಂತಿ ಆಂಟೆನಾ) ಕಟ್ಟಿ ಕುಳಿತೆ. ಮನೆಯ ಎಲ್‌ಇಡಿ ದೀಪ, ಇನ್ವರ್ಟರ್, ಪಕ್ಕದ ಮನೆಯ ಪಂಪು ಎಲ್ಲ ಸೇರಿ ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್‌ನಲ್ಲಿ ಎಸ್ 7 ಗದ್ದಲ. ಅವರಿಗೆ ನಾನು ಕೇಳಿಸುತ್ತಿದ್ದೆನೋ ಏನೋ, ನನಗೆ ಅವರು ಕೇಳಿಸುತ್ತಿರಲಿಲ್ಲ. 48 ಗಂಟೆಯ ಸ್ಪರ್ಧೆಯಲ್ಲಿ 140 ಕ್ಯೂಎಸ್‌ಒ. 2022ರಲ್ಲಿ ಅಂಗಳದಲ್ಲಿ ಕಾಲು ತರಂಗದ ವರ್ಟಿಕಲ್ ನಿಲ್ಲಿಸಿ ಹದಿನಾರು ರೇಡಿಯಲ್ (ಬುಡದಿಂದ ಸುತ್ತಲೂ ಹರಡುವ ತಂತಿ) ಹಾಸಿದೆ. ನಮ್ಮ ಅಂಗಳ ಎಂದರೆ ಒಂದಡಿ ಮಣ್ಣು, ಅದರ ಕೆಳಗೆ ಬರೀ ಚಿರೆಕಲ್ಲು. ಆ ನೆಲದ ಮೇಲೆ ವರ್ಟಿಕಲ್ ಏನು ಮಾಡೀತು? 210 ಕ್ಯೂಎಸ್‌ಒ.

ಆ ವರ್ಷ ಇನ್ನೊಂದು ತಪ್ಪೂ ಮಾಡಿದೆ. ಸಿಗ್ನಲ್ ದುರ್ಬಲವಾಗಿದ್ದರೂ ಮೋರ್ಸ್ ಕಳಿಸುವ ಕೀಯರ್ ಅನ್ನು ನಿಮಿಷಕ್ಕೆ 32 ಪದಗಳ ವೇಗದಲ್ಲಿ ಓಡಿಸಿದೆ. ಪರಿಶೀಲನೆಯ ವರದಿ ಬಂದಾಗ ನೋಡಿದರೆ ಹಲವರು ನನ್ನ ಕಾಲ್‌ಸೈನ್‌ನ (ನಿಲ್ದಾಣದ ಗುರುತಿನ ಹೆಸರು) ಮೊದಲಲ್ಲಿರುವ, ಭಾರತದ ಗುರುತಾದ ವಿಯು ಅನ್ನು 4ಯು ಎಂದು ಬರೆದುಕೊಂಡಿದ್ದರು. ಡಿಡಿಡಿಡಾ ವಿ, ಡಿಡಿಡಿಡಿಡಾ ನಾಲ್ಕು. ಒಂದು ಚುಕ್ಕೆಯ ವ್ಯತ್ಯಾಸ. ಸದ್ದಿನ ನಡುವೆ ಒಂದು ಚಿಟಿಕೆ ಸಿಡಿದರೆ ಸಾಕು, ವಿ ನಾಲ್ಕಾಗುತ್ತದೆ. ಅಂದಿನಿಂದ 27ಕ್ಕಿಂತ ಮೇಲೆ ಹೋಗಿಲ್ಲ, ನನ್ನ ಕಾಲ್‌ಸೈನ್‌ನ ಮೊದಲ ಎರಡು ಅಕ್ಷರಗಳ ನಡುವೆ ಕೂದಲೆಳೆಯಷ್ಟು ಹೆಚ್ಚು ಅಂತರ ಇಟ್ಟಿದ್ದೇನೆ. ವಿಯು ಆಪರೇಟರ್‌ಗಳು ಇದೊಂದನ್ನಾದರೂ ಮಾಡಿ ನೋಡಿ.

ವರ್ಟಿಕಲ್‌ಗೆ ಉಪ್ಪುನೀರೇ ಒಳ್ಳೆಯ ನೆಲ ಎಂಬ ವಿಷಯ ನಾನು ಕಂಡುಹಿಡಿದದ್ದಲ್ಲ. 1990ರ ದಶಕದ ಕೊನೆಯಲ್ಲಿ 'ಟೀಮ್ ವರ್ಟಿಕಲ್' ಎಂಬ ಅಮೆರಿಕದ ಗುಂಪು ಜಮೈಕಾದ ಕಡಲಂಚಿನಲ್ಲಿ ಬರೀ ವರ್ಟಿಕಲ್‌ಗಳನ್ನು ನೆಟ್ಟು ಇದೇ ಸ್ಪರ್ಧೆಯಲ್ಲಿ ಹೆಸರು ಮಾಡಿದ್ದನ್ನು ಎಲ್ಲರೂ ಓದಿದ್ದೇವೆ. ಓದಿ ಬದಿಗಿಟ್ಟಿದ್ದೇವೆ. ನಾನೂ ಬದಿಗಿಟ್ಟಿದ್ದೆ. 2022ರ ಸೋಲಿನ ಮರುವಾರ ಸಂಜೆ ಕಟ್ಟೆಯ ಮೇಲೆ ನಡೆಯುವಾಗ ಕಣ್ಣಿಗೆ ಬಿತ್ತು: ವಾಯವ್ಯಕ್ಕೆ ಕಣ್ಣು ಹಾಯುವಷ್ಟು ದೂರ ನೀರು. ನಮ್ಮಲ್ಲಿಂದ ಜರ್ಮನಿ 320 ಡಿಗ್ರಿ, ನ್ಯೂಯಾರ್ಕ್ 335. ಎರಡೂ ಆ ನೀರಿನ ಮೇಲೆಯೇ ಹಾದುಹೋಗುತ್ತವೆ.

ಗಜನಿ ಗೊತ್ತಿಲ್ಲದವರಿಗೆ ಎರಡು ಮಾತು. ಅಳಿವೆಯ ಪಕ್ಕದ, ಕಟ್ಟೆ ಕಟ್ಟಿದ ತಗ್ಗು ಗದ್ದೆಗಳು ಇವು. ಮಳೆಗಾಲದಲ್ಲಿ ಸಿಹಿನೀರು ತುಂಬಿ ಉಪ್ಪು ತೊಳೆದುಹೋದಾಗ ಕಗ್ಗ ಎಂಬ ಭತ್ತ ಬೆಳೆಯುತ್ತೇವೆ. ಉಪ್ಪಿಗೂ ನೆರೆಗೂ ಜಗ್ಗದ ತಳಿ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆಬಾಗಿಲು ಎತ್ತಿ ಭರತದ ನೀರು ಒಳಗೆ ಬಿಡುತ್ತೇವೆ, ಮೀನು ಸಿಗಡಿ ಬೆಳೆಯುತ್ತವೆ. ಅಂದರೆ ಸಿಡಬ್ಲ್ಯೂ ಸ್ಪರ್ಧೆ ನಡೆಯುವ ನವೆಂಬರ್ ಕೊನೆಯ ವಾರಕ್ಕೆ ಸರಿಯಾಗಿ ನನ್ನ ಗದ್ದೆ ಸಮುದ್ರವಾಗಿರುತ್ತದೆ. ನಮ್ಮ ಪಾಲಿನ ಒಂದೂವರೆ ಎಕರೆ ಮನೆಗೆ ತಾಗಿಕೊಂಡೇ ಇದೆ, ಪರವಾನಗಿಯಲ್ಲಿರುವ ವಿಳಾಸದೊಳಗೇ ಬರುತ್ತದೆ. ಹಾಗಾಗಿ ಸ್ಥಳ ಬದಲಾವಣೆಯ ತಂಟೆಯೂ ಇಲ್ಲ.

2023ರಲ್ಲಿ ಮೊದಲ ಪ್ರಯತ್ನ. ಗೆದ್ದೇ ಬಿಡುತ್ತೇನೆ ಎಂದುಕೊಂಡಿದ್ದೆ. ಮೂರು ತಪ್ಪುಗಳು ಸೇರಿ ಹೊಡೆದವು.

ಮೊದಲನೆಯದು ಕೇಬಲ್. ರೇಡಿಯೊ ಮನೆಯಲ್ಲಿ, ಆಂಟೆನಾ ಎಂಬತ್ತು ಮೀಟರ್ ದೂರದಲ್ಲಿ, ನಡುವೆ ಇದ್ದದ್ದು ಮನೆಯಲ್ಲಿ ಸುರುಳಿ ಸುತ್ತಿಟ್ಟಿದ್ದ, ದಾರಿಯಲ್ಲೇ ಸಿಗ್ನಲ್ ತಿನ್ನುವ ತೆಳು ಕೇಬಲ್ ಆರ್‌ಜಿ-58. ಲೆಕ್ಕ ಹಾಕಿ ನೋಡಿ, ನೂರು ವಾಟ್‌ನಲ್ಲಿ ಮೂವತ್ತು ತಲುಪಿದರೆ ಪುಣ್ಯ. ಎರಡನೆಯದು ತಾಮ್ರ. ರೇಡಿಯಲ್‌ಗಳನ್ನು ನೀರಲ್ಲೇ ಬಿಟ್ಟರೆ ಒಳ್ಳೆಯ ಅರ್ಥ್ ಸಿಗುತ್ತದೆ ಎಂದು ಬರಿಯ ತಾಮ್ರದ ತಂತಿ ಮುಳುಗಿಸಿದೆ. ಎರಡೇ ವಾರದಲ್ಲಿ ತಂತಿ ಹಸಿರು ಹಿಡಿದು, ಬೆಸುಗೆ ಹಾಕಿದ ಜಾಗಗಳಲ್ಲಿ ಕಡ್ಡಿಯಂತೆ ಮುರಿಯತೊಡಗಿತು. ಫೀಡ್‌ಪಾಯಿಂಟ್‌ನ (ಕೇಬಲ್ ಆಂಟೆನಾಕ್ಕೆ ಸೇರುವ ಜಾಗ) ಕನೆಕ್ಟರ್ ಒಳಗೆ ಶನಿವಾರ ರಾತ್ರಿಯೇ ನೀರು ಸೇರಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಸೊಂಟದವರೆಗೆ ಕೆಸರಲ್ಲಿ ನಿಂತು ಅದನ್ನು ಬಿಚ್ಚಿದಾಗ ಒಳಗಿನ ಪಿನ್ನು ಕಪ್ಪಾಗಿ ಉದುರಿತು.

ಮೂರನೆಯದು ಹುಣ್ಣಿಮೆ. ಇದನ್ನು ಯಾವ ಆಂಟೆನಾ ಪುಸ್ತಕವೂ ನನಗೆ ಹೇಳಿರಲಿಲ್ಲ. ಆ ವರ್ಷದ ಸ್ಪರ್ಧೆ ನವೆಂಬರ್ 25, 26. ಕಾರ್ತಿಕ ಹುಣ್ಣಿಮೆಯ ಹೊತ್ತು. ಭರತವೂ ದೊಡ್ಡದು, ಇಳಿತವೂ ದೊಡ್ಡದು. ಭರತದಲ್ಲಿ ನೀರು ಫೀಡ್‌ಪಾಯಿಂಟ್ ಮುಟ್ಟುತ್ತಿತ್ತು, ಇಳಿತದಲ್ಲಿ ಕೆಳಗೆ ಬರೀ ಕೆಸರು. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದಿಕೊಂಡಿದೆ ಎಂಬ ಅಳತೆ, 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು) ಒಮ್ಮೆ 1.3, ಒಮ್ಮೆ 3ರ ಮೇಲೆ. ಸಾಲದ್ದಕ್ಕೆ ಹುಣ್ಣಿಮೆ ಅಮಾವಾಸ್ಯೆಯ ಇಳಿತಕ್ಕೇ ಗಜನಿಯ ಬಾಗಿಲು ತೆಗೆದು ಬಲೆ ಕಟ್ಟಿ ಸಿಗಡಿ ಹಿಡಿಯುವುದು. ಯುರೋಪ್ ತೆರೆದುಕೊಂಡಿದ್ದ ಸಂಜೆ ಹತ್ತು ಜನ ದೀಪ ಹಿಡಿದು ನನ್ನ ರೇಡಿಯಲ್‌ಗಳ ನಡುವೆ ಓಡಾಡುತ್ತಿದ್ದರು. ಅವರ ದುಡಿಮೆ ಅದು, ನಿಲ್ಲಿಸಿ ಎನ್ನಲು ನನಗೆ ಹಕ್ಕಿಲ್ಲ. 390ಕ್ಕೆ ನಿಂತೆ.

ಆದರೆ ಆ ವರ್ಷವೇ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಶನಿವಾರ ಮಧ್ಯಾಹ್ನ, ನೀರಿನ ಮಟ್ಟ ಸರಿಯಾಗಿದ್ದ ನಲವತ್ತು ನಿಮಿಷ ಮಾತ್ರ, ಯುರೋಪಿನವರು ಒಬ್ಬರ ಮೇಲೊಬ್ಬರು ಬಿದ್ದು ಕರೆದರು. ನನ್ನನ್ನು ಯಾರೂ ಹಾಗೆ ಕರೆದದ್ದಿರಲಿಲ್ಲ. ನೀರು ಇಳಿಯಿತು, ಸದ್ದು ನಿಂತಿತು. ಕೂಡಲೇ ಗೊತ್ತಾಯಿತು, ದಾರಿ ಇದೇ.

2024ರಲ್ಲಿ ಎಲ್ಲವನ್ನೂ ಬದಲಿಸಿದೆ. ಕೇಬಲ್‌ಗೆ ಹಣ ಸುರಿಯುವ ಬದಲು ರೇಡಿಯೊವನ್ನೇ ಆಂಟೆನಾದ ಹತ್ತಿರ ಒಯ್ದೆ. ಗಜನಿ ಕಾಯುವವರಿಗೆಂದು ಕಟ್ಟೆಯ ಮೇಲೆ ಹಳೆಯ ಕಾವಲು ಗುಡಿಸಲು ಇತ್ತು. ಸೋಗೆ ಹೊಸದಾಗಿ ಹೊದೆಸಲು, ಹಲಗೆಯ ಮೇಜಿಗೆ ಸೇರಿ ನಾಲ್ಕು ಸಾವಿರ ಆಯಿತು. ಅಲ್ಲಿಂದ ಆಂಟೆನಾಕ್ಕೆ ಹನ್ನೆರಡು ಮೀಟರ್ ಆರ್‌ಜಿ-213 ಕೇಬಲ್ ಸಾಕು. ಅದಕ್ಕಿಂತ ದೊಡ್ಡ ಲಾಭ ಬೇರೆ: ಗುಡಿಸಲಿನಲ್ಲಿ ಕರೆಂಟ್ ಇಲ್ಲ. ಮೊದಲ ದಿನ ಬ್ಯಾಟರಿಗೆ ತಗುಲಿಸಿ ರೇಡಿಯೊ ಹಚ್ಚಿದಾಗ ಎಸ್ ಮೀಟರ್ ಮುಳ್ಳು ಏಳಲೇ ಇಲ್ಲ. ಆಂಟೆನಾ ಕಿತ್ತುಹೋಗಿದೆಯೇನೋ ಎಂದು ಎದ್ದುಹೋಗಿ ನೋಡಿದೆ. ಎಲ್ಲ ಸರಿಯಾಗಿತ್ತು. ಗದ್ದಲ ಇಲ್ಲದ ಬ್ಯಾಂಡ್ ಹೇಗಿರುತ್ತದೆ ಎಂದು ಮೊದಲ ಬಾರಿಗೆ ಕೇಳುತ್ತಿದ್ದೆ, ಅಷ್ಟೇ. ಆಂಟೆನಾಕ್ಕೆ ಖರ್ಚು ಮಾಡುವ ಮೊದಲು ಕರೆಂಟ್ ಕಂಬದಿಂದ ದೂರ ಹೋಗಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಬ್ಯಾಟರಿಯಲ್ಲಿ ಕೈ ಸುಟ್ಟುಕೊಂಡೆ. ಮೊದಲು ಒಂಬತ್ತು ಸಾವಿರ ಕೊಟ್ಟು ಸೀಸದ ಬ್ಯಾಟರಿ ತಂದೆ. ಅಭ್ಯಾಸದ ಸ್ಪರ್ಧೆಗಳಲ್ಲಿ ಪೂರ್ತಿ ಇಳಿಸಿ ಇಳಿಸಿ ಮೂರೇ ತಿಂಗಳಲ್ಲಿ ಕೊಂದೆ. ಆಮೇಲೆ 100 ಎಎಚ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ, ಇಪ್ಪತ್ತೆಂಟು ಸಾವಿರ ಎಂದು ನೆನಪು. ಅಂಥದ್ದೇ ಇನ್ನೊಂದನ್ನು ಸೋಲಾರ್ ಕೆಲಸ ಮಾಡುವ ಗೆಳೆಯನಿಂದ ಎರಡು ದಿನಕ್ಕೆ ಎರವಲು ತಂದೆ. ಒಂದು ಗುಡಿಸಲಲ್ಲಿದ್ದರೆ ಇನ್ನೊಂದು ಮನೆಯಲ್ಲಿ ಚಾರ್ಜ್ ಆಗುತ್ತಿತ್ತು. ನನ್ನ ಐಕಾಮ್ 7300 ರೇಡಿಯೊ ಪೂರ್ತಿ ಪವರ್‌ನಲ್ಲಿ ಕೀ ಒತ್ತಿದಾಗ ಇಪ್ಪತ್ತು ಆಂಪಿಯರ್ ಎಳೆಯುತ್ತದೆ. ಒಂದು ಬ್ಯಾಟರಿಗೆ ಹದಿನಾಲ್ಕು ಗಂಟೆ ಬಂತು. ಲ್ಯಾಪ್‌ಟಾಪ್‌ಗೆ ಹಾಕಿದ ಅಗ್ಗದ ಕನ್ವರ್ಟರ್ ಸರಿಯಾಗಿ 21 ಮೆಗಾಹರ್ಟ್ಸ್ ಸುತ್ತಲೇ ಕಿರುಚುತ್ತಿತ್ತು. ಫೆರೈಟ್ ಉಂಗುರಕ್ಕೆ ಎಂಟು ಸುತ್ತು ಸುತ್ತಿದ ಮೇಲೆ ಸುಮ್ಮನಾಯಿತು.

ಕೋಲುಗಳಿಗೆ ಫೈಬರ್‌ಗ್ಲಾಸ್ ಗಾಳದ ಕೋಲು ತರಿಸಿದ್ದೆ, ಮೂರಕ್ಕೆ ಹದಿನೆಂಟು ಸಾವಿರ. ಒಂದು ದಾರಿಯಲ್ಲೇ ಮುರಿದು ಬಂತು, ಪರಿಹಾರ ಬರಲಿಲ್ಲ. ಗಜನಿ ಕಾಯುವ ಅಜ್ಜ ಬಂದು ಮುಟ್ಟಿ ನೋಡಿ, "ತಮ್ಮಾ, ಇಷ್ಟುದ್ದದ ಗಾಳಕ್ಕೆ ಯಾವ ಮೀನು ಬೀಳುತ್ತದೆ?" ಎಂದು ಕೇಳಿದರು. ಜರ್ಮನಿ, ಜಪಾನ್ ಎಂದೆ. ಅವರು ಹೆಡ್‌ಫೋನ್ ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಮುರಿದ ಕೋಲನ್ನು ಬದಿಗಿಟ್ಟು, "15 ಮೀಟರಿಗೆ ಮೂರೂವರೆ ಮೀಟರ್ ಸಾಕೆಂದರೆ ಬಿದಿರು ಯಾಕಾಗದು?" ಎಂದರು. ಆಗುತ್ತದೆ. ಒಣಗಿದ ಬಿದಿರಿನ ಗಳು, ನೂರೈವತ್ತು ರೂಪಾಯಿ. ಸ್ಪರ್ಧೆಯಲ್ಲಿ ನಿಂತ ಎರಡೂ ಕೋಲುಗಳು ಬಿದಿರೇ.

ಆಂಟೆನಾ ಹೀಗೆ: ಒಂದು ಚಾಲಿತ ಎಲಿಮೆಂಟ್ (ಕೇಬಲ್ ಸೇರುವ ಭಾಗ), ಸುಮಾರು 3.4 ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಂತಿ, ನೀರಿನ ಮೇಲೆ ಎತ್ತಿ ಕಟ್ಟಿದ ಎರಡು ರೇಡಿಯಲ್. ಹಿಂದೆ ಆಗ್ನೇಯಕ್ಕೆ ಅಂಥದ್ದೇ ಒಂದು ರಿಫ್ಲೆಕ್ಟರ್, ಸಿಗ್ನಲ್ಲನ್ನು ಮುಂದಕ್ಕೆ ತಳ್ಳಲು. ಅದರ ಬುಡದಲ್ಲಿ ಒಂದು ರಿಲೇ (ವಿದ್ಯುತ್ ಸ್ವಿಚ್ಚು). ರಿಲೇ ಬಿಡಿಸಿದರೆ ರಿಫ್ಲೆಕ್ಟರ್ ಇಲ್ಲದಂತೆಯೇ, ಬೆಳಿಗ್ಗೆ ಜಪಾನ್‌ಗೆ ಹಾಗೆ. ಸೇರಿಸಿದರೆ ಯುರೋಪ್, ಅಮೆರಿಕ. ಎರಡು ಕೋಲುಗಳ ಅಂತರ, ರಿಫ್ಲೆಕ್ಟರ್‌ನ ಉದ್ದ ಇಲ್ಲಿ ಬರೆಯುವುದಿಲ್ಲ. ಪುಸ್ತಕದ ಅಳತೆ ಉಪ್ಪುನೀರಿನ ಮೇಲೆ ನನಗೆ ಸರಿಬರಲಿಲ್ಲ, ನನ್ನದನ್ನು ಮೂವತ್ತು ಸಲ ಕತ್ತರಿಸಿ ಕಟ್ಟಿ ಪಡೆದಿದ್ದೇನೆ. ಫೀಡ್‌ಪಾಯಿಂಟ್‌ಗೆ ನೀರು ಸೇರದಂತೆ ಏನು ಮೆತ್ತಿದೆ ಎಂಬುದನ್ನೂ ಇನ್ನೊಂದು ವರ್ಷ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಎಂ-ಸೀಲ್ ಒಂದೇ ಸಾಲದು ಎಂಬಷ್ಟು ಹೇಳಬಲ್ಲೆ.

ಇದು ಆಂಟೆನಾದ ಗುಣವಲ್ಲ, ಸೂರ್ಯನ ಗುಣ ಎನ್ನುವವರಿದ್ದಾರೆ. ಸೌರಚಕ್ರ 25ರ ಶಿಖರದ, ಸೂರ್ಯ ಚುರುಕಾಗಿ ಬ್ಯಾಂಡ್ ಚೆನ್ನಾಗಿ ತೆರೆಯುವ ಹೊತ್ತು ಅದು, ಒಪ್ಪುತ್ತೇನೆ. ಅದಕ್ಕೇ ಅಕ್ಟೋಬರ್, ನವೆಂಬರ್ ಎರಡೂ ತಿಂಗಳು ವಿಸ್ಪರ್ (ಸಣ್ಣ ಸಿಗ್ನಲ್ ಬಿಟ್ಟು, ಎಲ್ಲಿ ಎಷ್ಟು ಬಲವಾಗಿ ಕೇಳಿತೆಂದು ವರದಿ ಪಡೆಯುವ ವ್ಯವಸ್ಥೆ) ಹಚ್ಚಿ, ಒಂದು ಸರದಿ ಮನೆಯ ಇನ್ವರ್ಟೆಡ್ ವಿಗೆ, ಮುಂದಿನ ಸರದಿ ಗಜನಿಗೆ, 200 ಮಿಲಿವಾಟ್‌ನಲ್ಲಿ ಬಿಟ್ಟು ಹೋಲಿಸಿದೆ. ಅಕ್ಟೋಬರ್ ಮಧ್ಯದಲ್ಲಿ ಯುರೋಪಿನ ವರದಿಗಳಲ್ಲಿ ಗಜನಿಗೆ ಎರಡು ಮೂರು ಡಿಬಿ (ಡೆಸಿಬೆಲ್) ಮಾತ್ರ ಹೆಚ್ಚು. ಮನಸ್ಸು ಕುಸಿಯಿತು. ಅದೇ ತಿಂಗಳ ಕೊನೆಯ ಎಸ್‌ಎಸ್‌ಬಿ (ಮಾತಿನ) ಸ್ಪರ್ಧೆಯಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತೇ ಹೊರತು ಲಾಗ್ ತುಂಬಲಿಲ್ಲ. ಒಂದು ದಿನ ನೀರನ್ನು ನಾಲಿಗೆಗೆ ತಾಗಿಸಿ ನೋಡಿದೆ. ಸಪ್ಪೆ. ಮಳೆಯ ನೀರು ಇನ್ನೂ ಗದ್ದೆಯಲ್ಲೇ ನಿಂತಿತ್ತು, ಕಗ್ಗದ ಪೈರೂ ಪೂರ್ತಿ ಕೊಯ್ದಿರಲಿಲ್ಲ. ನೀರು ಕಂಡರೆ ಸಾಲದು, ಉಪ್ಪಿರಬೇಕು. ನವೆಂಬರ್ ಎರಡನೇ ವಾರ ಬಾಗಿಲು ಎತ್ತಿ ನಾಲ್ಕು ಭರತ ಒಳಗೆ ಬಿಟ್ಟ ಮೇಲೆ ಮತ್ತೆ ವಿಸ್ಪರ್ ಹಚ್ಚಿದೆ. ಯುರೋಪಿಗೆ ಎಂಟರಿಂದ ಹತ್ತು ಡಿಬಿ ಹೆಚ್ಚು. ಅದೇ ಕೋಲು, ಅದೇ ತಂತಿ. ನೂರು ವಾಟ್ ಇದ್ದವನಿಗೆ ಎಂಟು ನೂರು ಸಿಕ್ಕಂತೆ. ಜಪಾನ್‌ಗೆ ಮಾತ್ರ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನಬಹುದು. 56 ಡಿಗ್ರಿಯಲ್ಲಿ ನನ್ನ ಬೆನ್ನಿಗೆ ಗುಡ್ಡ ಇದೆ, ಆಚೆ ಘಟ್ಟ.

ನಡುವೆ ಅಡ್ಡದಾರಿಯ ಪ್ರಯೋಗಗಳೂ ಆದವು. ಮನೆಯ ಹಳೆಯ ಸ್ಟೀಲ್ ಕೊಳಗವನ್ನು ಮುಳುಗಿಸಿ ಅದಕ್ಕೇ ಅರ್ಥ್ ಕೊಟ್ಟು ನೋಡಿದೆ. ಎಸ್‌ಡಬ್ಲ್ಯೂಆರ್ ಚೆನ್ನಾಗಿಯೇ ಬಂತು, ಎತ್ತಿ ಕಟ್ಟಿದ ರೇಡಿಯಲ್‌ಗಿಂತ ಸಿಗ್ನಲ್ ಹೆಚ್ಚಲಿಲ್ಲ. ಕೊಳಗ ಅಡುಗೆಮನೆಗೆ ಮರಳಿತು. 160 ಮೀಟರ್ ಬ್ಯಾಂಡ್ ಕೇಳಲೆಂದು ಕಟ್ಟೆಯುದ್ದಕ್ಕೂ ಇನ್ನೂರು ಮೀಟರ್ ಬೆವರೇಜ್ (ಕೇಳಲು ಬಳಸುವ ಉದ್ದ ತಂತಿಯ ಆಂಟೆನಾ) ಎಳೆದೆ, ಆರು ಸಾವಿರ ರೂಪಾಯಿಯ ತಂತಿ. ಕೇಳಿಸುವುದು ಹೋಗಲಿ, ದಿಕ್ಕೇ ಇಲ್ಲ. ಮೂರು ವಾರ ಟ್ರಾನ್ಸ್‌ಫಾರ್ಮರ್ ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ಹೊಳೆಯಿತು: ಬೆವರೇಜ್‌ಗೆ ಬೇಕಾದದ್ದು ವಿದ್ಯುತ್ ಚೆನ್ನಾಗಿ ಹರಿಯದ ಕೆಟ್ಟ ನೆಲ. ಕೆಳಗೆ ಉಪ್ಪುನೀರಿದ್ದರೆ ಅದು ಕೆಲಸವನ್ನೇ ಮಾಡುವುದಿಲ್ಲ. ವರ್ಟಿಕಲ್‌ಗೆ ವರವಾದ ನೀರೇ ಅದಕ್ಕೆ ಶಾಪ. ಆ ತಂತಿ ಈಗ ಅಂಗಳದ ಚಿರೆಕಲ್ಲಿನ ಮೇಲೆ ಮಲಗಿದೆ, ಅಲ್ಲಿ ಚೆನ್ನಾಗಿ ಕೇಳುತ್ತದೆ.

ನೀರಿನ ಮಟ್ಟದ ಪ್ರಶ್ನೆ ಉಳಿದಿತ್ತು. ಪಂಚಾಂಗ ನೋಡಿದೆ. ನವೆಂಬರ್ 23, ಕಾರ್ತಿಕ ಬಹುಳ ಅಷ್ಟಮಿಯ ಹೊತ್ತು. ಭರತ ಇಳಿತ ಎರಡೂ ಸಣ್ಣವು, ಸಿಗಡಿ ಹಿಡಿಯುವವರಿಗೂ ಆ ದಿನಗಳಲ್ಲಿ ಬಾಗಿಲು ತೆಗೆಯುವ ಅವಸರ ಇಲ್ಲ. ಗಜನಿ ಗುತ್ತಿಗೆ ಹಿಡಿದವರ ಹತ್ತಿರ ಹೋಗಿ ಎರಡು ದಿನ ಹಲಗೆ ಮುಚ್ಚಿಡಿ ಎಂದು ಕೇಳಿದೆ, ಎರಡು ಸಾವಿರ ಕೊಟ್ಟೆ. ಸ್ಪರ್ಧೆಯುದ್ದಕ್ಕೂ ನೀರು ನಾಲ್ಕು ಬೆರಳಿಗಿಂತ ಹೆಚ್ಚು ಏರಿಳಿಯಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಅದು.

ಶನಿವಾರ ಬೆಳಿಗ್ಗೆ 5.30ಕ್ಕೆ, ಇನ್ನೂ ಕತ್ತಲೆ, ಸ್ಪರ್ಧೆ ಶುರು. ಅಮ್ಮ ಕಗ್ಗದ ಅಕ್ಕಿಯ ಗಂಜಿ, ಮಿಡಿ ಉಪ್ಪಿನಕಾಯಿ ಡಬ್ಬಿಗೆ ಹಾಕಿ ಕೊಟ್ಟಿದ್ದರು. ಎರಡೂ ದಿನ ಬೆಳಗಿನ ಊಟ ಅದೇ, ಮಧ್ಯಾಹ್ನದವರೆಗೆ ಹಸಿವು ಸುಳಿಯುವುದಿಲ್ಲ. ಮೊದಲ ಎರಡು ಗಂಟೆ ಜಪಾನ್, ನಡುವೆ ಅಮೆರಿಕದ ಪಶ್ಚಿಮ ಕರಾವಳಿಯ ಹತ್ತಿಪ್ಪತ್ತು ಜನ. ಜಪಾನ್ ಏಷ್ಯಾದೊಳಗೇ ಆದ್ದರಿಂದ ಒಂದೇ ಅಂಕ, ಆದರೂ ಕೈ ಬಿಸಿಯಾಗಲು ಒಳ್ಳೆಯದು. ಹನ್ನೊಂದೂವರೆಗೆ ರಿಲೇ ಸೇರಿಸಿ 21.030 ಮೆಗಾಹರ್ಟ್ಸ್ ಹತ್ತಿರ ಖಾಲಿ ಜಾಗ ಹಿಡಿದು ಸಿಕ್ಯೂ (ಎಲ್ಲರಿಗೂ ಕರೆ) ಒತ್ತಿದೆ. ಮೊದಲು ಒಬ್ಬ, ಆಮೇಲೆ ಮೂವರು, ಆಮೇಲೆ ಗೋಡೆ. ಒಂದು ಕಾಲ್‌ಸೈನ್ ಕೂಡ ಪೂರ್ತಿ ಬಿಡಿಸಿಕೊಳ್ಳಲಾಗದಷ್ಟು ದಪ್ಪದ ಗೋಡೆ. ಎರಡು ಅಕ್ಷರ ಹಿಡಿದು ಕರೆದು, ಉಳಿದದ್ದು ತೆಗೆದು, 5ಎನ್‌ಎನ್ 22 (ಸಿಗ್ನಲ್ ವರದಿ 599, ನಮ್ಮ ವಲಯ 22) ಕೊಟ್ಟು, ಮುಂದಿನವರು. ಎಸ್ ಅಂಡ್ ಪಿ (ಹುಡುಕಿ ಹುಡುಕಿ ಕರೆಯುವುದು) ಮಾಡಿಕೊಂಡೇ ಮೂರು ವರ್ಷ ಕಳೆದವನು ನಾನು, ರನ್ ಹಿಡಿದು ಒಂದೇ ಜಾಗದಲ್ಲಿ ಕೂತು ಕರೆಸಿಕೊಳ್ಳುವ ಸುಖ ಗೊತ್ತಿರಲಿಲ್ಲ. ಒಂದು ಗಂಟೆಯಲ್ಲಿ ನೂರಾ ಹತ್ತು. ಬೆರಳು ನಡುಗುತ್ತಿತ್ತು.

ಸಂಜೆ ಸೂರ್ಯ ಹೊಳೆಗೆ ಇಳಿಯುವಾಗ ಅಮೆರಿಕದ ಪೂರ್ವಕ್ಕೆ ಬೆಳಗಾಗುತ್ತದೆ. ವಲಯ 4, ವಲಯ 5 ಒಂದೊಂದಾಗಿ ಬಂದವು. ಭಾನುವಾರ ಸಂಜೆ ಬಹಳ ಸಣ್ಣಗೆ, ಬ್ಯಾಕ್‌ಸ್ಕ್ಯಾಟರ್‌ನ (ದೂರದಿಂದ ಚದುರಿ ಹಿಂದಿರುಗುವ ಸಿಗ್ನಲ್) ನಡುಕದ ದನಿಯಲ್ಲಿ, ಒಂದು ವಿಯು ಕಾಲ್‌ಸೈನ್ ಕರೆಯಿತು. ಕೀ ಒತ್ತುವ ಆ ಕೈಬರಹ ನನಗೆ ಚೆನ್ನಾಗಿ ಗೊತ್ತು. ದೇಶದೊಳಗಿನ ಕ್ಯೂಎಸ್‌ಒಗೆ ಅಂಕ ಸೊನ್ನೆ, ಒಟ್ಟು ಅಂಕವನ್ನು ಗುಣಿಸುವ ಗುಣಕ ಮಾತ್ರ ಸಿಗುತ್ತದೆ. 5ಎನ್‌ಎನ್ 22 ಕೊಟ್ಟರು, 5ಎನ್‌ಎನ್ 22 ಕೊಟ್ಟೆ.

ಮಂಗಳವಾರ ಅವರೇ, ಬೆಂಗಳೂರಿನ ಆ ಹಿರಿಯರೇ, ಫೋನ್ ಮಾಡಿದರು. "ಓಎಂ, ಆರ್‌ಬಿಎನ್‌ನಲ್ಲಿ ಜರ್ಮನಿಯ ಸ್ಕಿಮ್ಮರ್‌ಗಳು ನಿಮ್ಮನ್ನು 30 ಡಿಬಿಗೆ ಕೇಳಿವೆ. ಆಂಪ್ಲಿಫೈಯರ್ ಹಾಕಿಸಿದಿರಾ?" (ಸ್ಕಿಮ್ಮರ್ ಎಂದರೆ ಬ್ಯಾಂಡ್ ಕೇಳುತ್ತ ತಾನೇ ಕಾಲ್‌ಸೈನ್ ಹಿಡಿಯುವ ವ್ಯವಸ್ಥೆ, ಅವುಗಳ ವರದಿ ಸೇರುವ ಜಾಲ ಆರ್‌ಬಿಎನ್.) ಇಲ್ಲ ಸಾರ್, ಬಿದಿರು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಡಿಸೆಂಬರ್‌ನಲ್ಲಿ ಬಂದು ನೋಡಿದರು, ಪ್ಯಾಂಟು ಮಡಚಿಕೊಂಡು ನೀರಿಗಿಳಿದು ಎರಡು ಕೋಲುಗಳ ನಡುವೆ ಹೆಜ್ಜೆ ಹಾಕಿ ಅಳೆದರು ಕೂಡ. ಅವರಿಗೆ ಅಂತರವನ್ನು ಹೇಳಿದೆ. ಗುರುಗಳಿಂದ ಮುಚ್ಚಿಡುವುದು ಸರಿಯಲ್ಲ.

ರೇಡಿಯೊ ಬಿಟ್ಟು ನನ್ನ ಖರ್ಚು, ಸತ್ತ ಬ್ಯಾಟರಿಯೂ ಮುರಿದ ಕೋಲೂ ಸೇರಿ, ಎಪ್ಪತ್ತು ಸಾವಿರದ ಒಳಗೆ. ಈಗಿನ ಬುದ್ಧಿ ಆಗ ಇದ್ದಿದ್ದರೆ ನಲವತ್ತು ಸಾವಿರದಲ್ಲಿ ಮುಗಿಯುತ್ತಿತ್ತು. ಅಂಕ ಸುಮಾರು ಮೂರು ಲಕ್ಷ ಮೂವತ್ತು ಸಾವಿರ.

2025ರ ಸ್ಪರ್ಧೆ ನವೆಂಬರ್ 29, 30ಕ್ಕೆ. ಪಂಚಾಂಗ ನೋಡಿದ್ದೇನೆ, ಶುಕ್ಲ ಅಷ್ಟಮಿಯ ಆಸುಪಾಸು, ನೀರು ಮತ್ತೆ ನನ್ನ ಕಡೆಗಿದೆ. ಈ ಸಲ 40 ಮೀಟರ್. ಅದಕ್ಕೆ ಹತ್ತು ಮೀಟರ್ ಎತ್ತರ ಬೇಕು. ಘಟ್ಟದ ಮೇಲಿಂದ ತಂದ ನಾಲ್ಕು ಉದ್ದನೆಯ ಬಿದಿರಿನ ಗಳುಗಳು, ಕೊರೆಹುಳು ಹಿಡಿಯದಿರಲೆಂದು, ಅಜ್ಜನ ದೋಣಿಯ ಪಕ್ಕ ಹೊಳೆಯಲ್ಲಿ ನೆನೆಯುತ್ತಿವೆ.